ಕಾಕಂಬಿಗೆ ಬೆಲೆ ಬಂದದ್ದು ಹೇಗೆ?

ಮಂಡ್ಯದ ಮೈಷುಗರ್ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದದ್ದನ್ನೂ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಛಲವನ್ನೂ ನಮ್ಮ ಜನ ಇಂದಿಗೂ ನೆನೆಯುತ್ತಾರೆ. ಮೂರನೆಯ ಕಾರಣವೊಂದಿದೆ, ಅದನ್ನು ನೆನೆಯುವವರು ಕಡಿಮೆ. ಜಾವಾದ ಅಗ್ಗದ ಸಕ್ಕರೆ ಇಲ್ಲಿನ ಪೇಟೆಗಳನ್ನು ತುಂಬಿಕೊಂಡಿದ್ದಾಗ, 1932ರ ಕಾಯಿದೆ ಆಮದಿನ ಮೇಲೆ ರಕ್ಷಣಾ ಸುಂಕ ಹೇರಿತು. ದೇಶದಲ್ಲಿ ಆವರೆಗೆ ಸುಮಾರು 30 ಕಾರ್ಖಾನೆಗಳಿದ್ದವು. ನಾಲ್ಕೈದು ವರ್ಷಗಳಲ್ಲಿ ಅವು ನೂರು ದಾಟಿದವು. ಹಣ ಹೂಡಿದರೆ ಮರಳಿ ಬರುತ್ತದೆಂಬ ಭರವಸೆ ಮೂಡಿದ ಮೇಲೆಯೇ ಯಂತ್ರಗಳು ಬಂದವು.

ಬಂದ ಮೇಲೆ ಹೊಸ ತೊಡಕು ಎದುರಾಯಿತು. ಒಂದು ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ 100 ಕಿಲೋ ಸಕ್ಕರೆ ಸಿಗುತ್ತದೆ, ಜೊತೆಗೆ 40 ಕಿಲೋದಷ್ಟು ಕಾಕಂಬಿಯೂ ಉಳಿಯುತ್ತದೆ. ಎಲ್ಲ ಕಾರ್ಖಾನೆಗಳೂ ಕಾಕಂಬಿ ಸುರಿಸತೊಡಗಿದಾಗ ಅದರ ಬೆಲೆ ನೆಲಕಚ್ಚಿತು. ಇಟ್ಟುಕೊಂಡರೂ ಖರ್ಚು, ಚೆಲ್ಲಿದರೂ ಖರ್ಚು. ಅದನ್ನು ಹುಳಿಬರಿಸಿ ಭಟ್ಟಿಯಿಳಿಸುವ ಕೆಲಸಕ್ಕೆ ಮಂಡ್ಯ ಕೈಹಾಕಿತು. ಪೆಟ್ರೋಲಿಗೆ ಬೆರೆಸುವ ಪವರ್ ಆಲ್ಕೊಹಾಲ್ ತಯಾರಿಯಲ್ಲೂ ಅದು ಮೊದಲಿಗರ ಸಾಲಿನಲ್ಲಿತ್ತು. ಇಂದು ಎಥನಾಲ್ ಹೆಸರಿನಲ್ಲಿ ಮಾತಾಡುತ್ತಿರುವುದು ಇದೇ ವಸ್ತುವಿನ ಬಗ್ಗೆ.

ಯಾವುದು ದುಬಾರಿಯೋ ಅದನ್ನು ಉಳಿಸುವ ಕಡೆಗೆ ಹೊಸ ಶೋಧ ವಾಲುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ ಬರೆದದ್ದೂ 1932ರಲ್ಲೇ. ಮಾತು ದಿಟ, ಆದರೆ ಪೂರ್ತಿಯಲ್ಲ; ಉಳಿಸುವ ದಾರಿ ಗೊತ್ತಿದ್ದರೂ ಎಲ್ಲರೂ ಅದನ್ನು ಹಿಡಿಯುವುದಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನ ಆಲೆಮನೆಗಳನ್ನು ನೋಡಿ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆ, ಅಂದರೆ ರಚ್ಚಿನ ತೂಕದಲ್ಲಿ ಅರ್ಧದಷ್ಟು ನೀರೇ. ಅಂಗಳದಲ್ಲಿ ಹರಡಿ, ಬಿಸಿಲಿಗೆ ತಿರುವಿ, ಒಣಗಿದ ಮೇಲೆ ಒಲೆಗೆ ತುರುಕುತ್ತಾರೆ. ಕೊಪ್ಪರಿಗೆಯಡಿ ಉರಿದ ಬೆಂಕಿಯ ಕಾವಿನಲ್ಲಿ ದೊಡ್ಡ ಪಾಲು ಹೊಗೆಗೊಳವೆಯಲ್ಲಿ ಮೇಲೇರಿ ಹೋಗುತ್ತದೆ. ಅದೇ ಬಿಸಿ ಹೊಗೆಯ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ ಮುಂದಿನ ಪಾಕದ ಹಾಲು ಅಲ್ಲೇ ಕಾಯುತ್ತದೆ, ರಚ್ಚು ಉಳಿಯುತ್ತದೆ. ಈ ಉಪಾಯ ಹೊಸದೇನಲ್ಲ. ಆದರೂ ಎಲ್ಲರೂ ಯಾಕೆ ಮಾಡಿಕೊಳ್ಳುವುದಿಲ್ಲ?

ಆಲೆಮನೆ ಒಬ್ಬರದು, ಗುತ್ತಿಗೆ ಇನ್ನೊಬ್ಬರದು, ಒಲೆಯ ಮುಂದೆ ಬೇಯುವವರು ಹಲವು ಕಡೆ ಉತ್ತರ ಪ್ರದೇಶದಿಂದ ಬಂದ ಕೂಲಿಗಳು. ವರ್ಷಕ್ಕೆ ಗುತ್ತಿಗೆ ಹಿಡಿದವನು ಒಲೆ ಒಡೆದು ಕಟ್ಟಿಸಿದರೆ ಲಾಭ ಮುಂದಿನ ಗುತ್ತಿಗೆದಾರನಿಗೆ. ಉಳಿದ ರಚ್ಚಿಗೆ ಹತ್ತಿರದಲ್ಲಿ ಗಿರಾಕಿ ಇಲ್ಲದಿದ್ದರೆ ಉಳಿಸಿ ಮಾಡುವುದೇನು? ನಮ್ಮ ಬಿಂಡಿಗನವಿಲೆ ಕಡೆಯ ರಾಗಿ, ತೆಂಗಿನ ನೆಲದಲ್ಲಿ ನಾಲೆ ಬಯಲಿನಷ್ಟು ಕಬ್ಬೇ ಇಲ್ಲ. ವರ್ಷದಲ್ಲಿ ಕೆಲವೇ ದಿನ ಉರಿಯುವ ಒಲೆಗೆ ಯಾರೂ ಸಾಲ ಮಾಡುವುದಿಲ್ಲ. ಇದನ್ನು ಹಳ್ಳಿಯವರ ಸೋಮಾರಿತನ ಎನ್ನುವುದು ಅನ್ಯಾಯ.

ಆಲೆಮನೆಗೆ ಹೊಸ ತಂತ್ರ ಕಲಿಸಲು ಬರುವ ಅಧಿಕಾರಿಗಳು ಮೊದಲು ಗುತ್ತಿಗೆ ಎಷ್ಟು ವರ್ಷದ್ದೆಂದು ಕೇಳಲಿ. ಒಲೆ ಕಟ್ಟಿಸಿದವನಿಗೆ ಅದರ ಫಲ ಉಣ್ಣುವಷ್ಟು ಕಾಲವನ್ನೂ, ಒಲೆಗೆಂದೇ ಸಾಲವನ್ನೂ ಕೊಡಿಸಲಿ.