ಹಳ್ಳ ಯಾವ ಕಡೆ ಹರಿಯುತ್ತಿದೆ?

ಮಲೆನಾಡಿನ ಕೊಪ್ಪದ ಕಡೆಯವಳು ನಾನು. ಗುಡ್ಡ, ಮಳೆ, ಮಂಜು ಯಾವುದೂ ಹೊಸದಲ್ಲ. ಇಂಗ್ಲೆಂಡಿನಲ್ಲಿ ಎಂ.ಎಸ್ಸಿ ಓದುತ್ತಿದ್ದಾಗ ಹುಬ್ಬಳ್ಳಿಯ ರೂಮ್‌ಮೇಟ್ ‘ಮೌಂಟನ್ ಮ್ಯಾರಥಾನ್‌ಗೆ ಹೋಗೋಣೇನು?’ ಎಂದಾಗ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಸ್ಪರ್ಧೆ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕೇಫೆಲ್ ಪೈಕ್ ಇರುವುದೂ ಅಲ್ಲೇ. ಅದರ ಎತ್ತರ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಅರ್ಧ! ‘ಇದೂ ಒಂದು ಬೆಟ್ಟವಾ?’ ಎಂದು ನಕ್ಕಿದ್ದೆ.

ಹೆಸರು ಮ್ಯಾರಥಾನ್ ಆದರೂ ಇಲ್ಲಿ ರಸ್ತೆಯಿಲ್ಲ, ದಾರಿ ತೋರಿಸುವ ಬಾಣವಿಲ್ಲ. ಇಬ್ಬರ ತಂಡ, ಎರಡು ದಿನದ ಓಟ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಸ್ಟವ್, ಊಟ ಎಲ್ಲವೂ ಬೆನ್ನ ಮೇಲೆ. ಮ್ಯಾಪ್ ಮತ್ತು ದಿಕ್ಸೂಚಿಯೇ ಗತಿ, ಜಿಪಿಎಸ್ ಬಳಸುವಂತಿಲ್ಲ. ‘ಕ್ಯಾರಿಮೋರ್’ ಹೆಸರಿನಲ್ಲಿ 1968ರಲ್ಲಿ ಶುರುವಾದ ಈ ಸ್ಪರ್ಧೆಗೆ ಈಗ ಒಎಂಎಂ ಎಂದು ಹೆಸರು. 2008ರಲ್ಲಿ ಬಾರೋಡೇಲ್ ಕಣಿವೆಯಲ್ಲಿ ಮಳೆ, ಪ್ರವಾಹ ಜೋರಾಗಿ ಮೊದಲ ದಿನವೇ ಸ್ಪರ್ಧೆ ನಿಲ್ಲಿಸಿದ್ದರು. ನೂರಾರು ಓಟಗಾರರು ಕಾಣೆಯಾಗಿದ್ದಾರೆ ಎಂದು ಟಿವಿಗಳಲ್ಲಿ ಸುದ್ದಿ. ಅವರೋ, ಸಿಕ್ಕ ಕಡೆ ಆಶ್ರಯ ಪಡೆದು ಸುರಕ್ಷಿತವಾಗಿ ಇಳಿದುಬಂದರು. ಬೆನ್ನ ಮೇಲೆ ಟೆಂಟ್ ಹೊರಿಸುವುದು ಯಾಕೆಂದು ಆಗ ಅರ್ಥವಾಯಿತು.

ನಾವು ಸೇರಿದ್ದು ‘ಸ್ಕೋರ್’ ವಿಭಾಗ. ಬೆಟ್ಟದ ತುಂಬ ಚೆಕ್‌ಪಾಯಿಂಟ್‌ಗಳು, ಒಂದೊಂದಕ್ಕೆ ಒಂದೊಂದು ಅಂಕ. ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದು ನಮ್ಮದೇ ಲೆಕ್ಕ. ಮೊದಲ ದಿನ ಐದು ಗಂಟೆ, ಮರುದಿನ ನಾಲ್ಕು. ತಡವಾದರೆ ಗಳಿಸಿದ ಅಂಕಕ್ಕೇ ಕತ್ತರಿ.

ಮೊದಲ ಎರಡು ಸುಲಭವಾಗಿ ಸಿಕ್ಕವು. ಮೂರನೆಯದಕ್ಕೆ ಏರುವಾಗ ಮಂಜು ಕವಿಯಿತು. ಮುಂದೆ ಇನ್ನೊಂದು ತಂಡ ಕಂಡಿತು. ‘ಅವರ ಹಿಂದೆ ಹೋದರಾಯ್ತು’ ಎಂದೆ. ಅವರ ಚೆಕ್‌ಪಾಯಿಂಟ್ ಬೇರೆಯೇ ಇರಬಹುದೆಂದು ಯೋಚಿಸಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವರೂ ಮಂಜಿನಲ್ಲಿ ಮಾಯ. ಒಂದು ಹಳ್ಳದ ಗುಂಟ ಇಳಿಯುತ್ತಾ ಹೋದೆವು. ಗೆಳತಿ ದಿಕ್ಸೂಚಿ ನೋಡಿ, ‘ಮ್ಯಾಪಿನ್ಯಾಗ ಹಳ್ಳ ಉತ್ತರಕ್ಕ ಹರೀತದ. ಇದು ದಕ್ಷಿಣಕ್ಕ ಹೊಂಟದ. ದಾರಿ ತಪ್ಪೀವಿ’ ಎಂದಳು. ‘ಮುಂದೆ ತಿರುಗುತ್ತೆ ಕಣೇ, ಬಾ’ ಎಂದು ನಾನೇ ಎಳೆದುಕೊಂಡು ಹೋದೆ. ಹಳ್ಳ ತಿರುಗಲಿಲ್ಲ. ನಾವು ಗುಡ್ಡದ ಆಚೆ ಮಗ್ಗುಲಿಗೆ ಇಳಿದುಬಿಟ್ಟಿದ್ದೆವು.

ಅಷ್ಟರಲ್ಲಿ ಅವಳು ಗಡಗಡ ನಡುಗುತ್ತಿದ್ದಳು, ಮಾತು ತೊದಲುತ್ತಿತ್ತು. ಅದನ್ನು ನೋಡಿ ನನ್ನ ಹಟವೆಲ್ಲ ಇಳಿಯಿತು. ಬಂಡೆಯ ಮರೆಯಲ್ಲಿ ಕೂರಿಸಿ, ಒಣಗಿದ ಸ್ವೆಟರ್ ಹಾಕಿಸಿ, ಶೇಂಗಾ ಚಿಕ್ಕಿ ತಿನ್ನಿಸಿದೆ. ಅವಳು ಚೇತರಿಸಿಕೊಂಡ ಮೇಲೆ ‘ತಪ್ಪು ನಂದೇ’ ಎಂದೆ. ಉಳಿದ ಚೆಕ್‌ಪಾಯಿಂಟ್‌ಗಳನ್ನೆಲ್ಲ ಬಿಟ್ಟು, ಇಳಿದ ದಾರಿಯನ್ನೇ ಹತ್ತಿ, ತಡವಾಗಿ ಕ್ಯಾಂಪ್ ಮುಟ್ಟಿದೆವು. ಗಳಿಸಿದ ಅಂಕವೂ ಹೋಯಿತು.

ಅಕ್ಟೋಬರ್ ಕೊನೆಯ ಶನಿವಾರ ರಾತ್ರಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಪುಕ್ಕಟೆ ಸಿಕ್ಕ ಆ ಗಂಟೆಯಲ್ಲಿ ನನಗೆ ನಿದ್ದೆ ಬರಲಿಲ್ಲ. ಆರು ತಿಂಗಳಿಂದ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಕ್ಲಾಸಿನವರೆಲ್ಲ ಡೇಟಾ ಅನಲಿಸ್ಟ್ ಕೆಲಸದ ಹಿಂದೆ ಬಿದ್ದಿದ್ದರು, ನಾನೂ ಅದೇ ರೆಸ್ಯೂಮೆ ಕಳಿಸುತ್ತಿದ್ದೆ. ‘ಮುಂದೆ ತಿರುಗುತ್ತೆ’ ಎಂದುಕೊಂಡು ಇಳಿಯುತ್ತಲೇ ಇದ್ದೆ. ನಾನು ಓದಿದ್ದು ಮಣ್ಣು, ನೀರಿನ ವಿಜ್ಞಾನ.

ಮರುದಿನ ಒಂದು ನಿಯಮ ಮಾಡಿಕೊಂಡೆವು. ಹೊರಡುವ ಮುಂಚೆ ದಾರಿಯಲ್ಲಿ ಏನೇನು ಕಾಣಬೇಕೆಂದು ಜೋರಾಗಿ ಹೇಳುವುದು: ಮೊದಲು ಕಲ್ಲಿನ ಗೋಡೆ, ಎಡಕ್ಕೆ ಕೆರೆ, ಆಮೇಲೆ ಏರು. ಹೇಳಿದ್ದು ಕಾಣದಿದ್ದರೆ ಅಲ್ಲೇ ನಿಲ್ಲುವುದು. ಐದೇ ಚೆಕ್‌ಪಾಯಿಂಟ್ ಮುಟ್ಟಿದೆವು, ಆದರೆ ಹತ್ತು ನಿಮಿಷ ಮೊದಲೇ ಬಂದೆವು. ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು!

ವಾಪಸ್ ಬಂದವಳು ರೆಸ್ಯೂಮೆಯನ್ನು ಮೊದಲಿಂದ ಬರೆದೆ. ಅಂತರ್ಜಲ ಸಂಬಂಧದ ಮೊದಲ ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ‘ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ’ ಎಂದೆ. ಆ ಕೆಲಸ ಸಿಗಲಿಲ್ಲ. ಮೂರನೆಯದು ಸಿಕ್ಕಿತು.

ಗೆಳತಿ ಈಗಲೂ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ: ‘ಹಳ್ಳ ಯಾ ಕಡೆ ಹರ್ಯಾಕತ್ತದ?’