ಗಡ್ಡೆಯ ಬೆಳವಣಿಗೆಯಲ್ಲಿ ಮಾಸ್ಟ್ ಕೋಶಗಳ ಪಾತ್ರ

ಮಾಸ್ಟ್ ಕೋಶಗಳು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಜೀವಕೋಶಗಳು. ಇವುಗಳ ಪೂರ್ವರೂಪಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಚರ್ಮ, ಶ್ವಾಸನಾಳ, ಕರುಳು ಮತ್ತು ಬಾಯಿಯ ಅಂಗಾಂಶಗಳಲ್ಲಿ ರಕ್ತನಾಳಗಳ ಸಮೀಪ ನೆಲೆಸಿ ಪಕ್ವಗೊಳ್ಳುತ್ತವೆ. ಅಲರ್ಜಿಯ ಪ್ರತಿಕ್ರಿಯೆಗಳಿಂದಾಗಿ ಹೆಚ್ಚು ಪರಿಚಿತವಾಗಿರುವ ಈ ಕೋಶಗಳು ಅನೇಕ ಬಗೆಯ ಕ್ಯಾನ್ಸರ್ ಗಡ್ಡೆಗಳ ಅಂಚಿನಲ್ಲಿಯೂ ಗುಂಪುಗೂಡುತ್ತವೆ ಮತ್ತು ಗಡ್ಡೆಗೆ ರಕ್ತ ಪೂರೈಸುವ ಹೊಸ ನಾಳಗಳ ರಚನೆಗೆ ನೆರವಾಗಬಲ್ಲವು.

ಇತಿಹಾಸ

ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ 1878ರಲ್ಲಿ ತಮ್ಮ ಪದವಿ ಪ್ರಬಂಧದಲ್ಲಿ ಈ ಕೋಶಗಳನ್ನು ವರ್ಣಿಸಿದರು. ಒಳಗೆ ತುಂಬಿರುವ ಕಣಗಳನ್ನು ಪೋಷಣೆಯ ಫಲವೆಂದು ಭಾವಿಸಿ, ಕೊಬ್ಬಿಸುವಿಕೆ ಎಂಬ ಅರ್ಥದ ಜರ್ಮನ್ ಪದದಿಂದ ಅವುಗಳಿಗೆ ಹೆಸರಿಟ್ಟರು. 1971ರಲ್ಲಿ ಅಮೆರಿಕದ ಜೂಡಾ ಫೋಕ್‌ಮನ್, ಹೊಸ ರಕ್ತನಾಳಗಳಿಲ್ಲದೆ ಗಡ್ಡೆಯು ಕೆಲವೇ ಮಿಲಿಮೀಟರುಗಳನ್ನು ಮೀರಿ ಬೆಳೆಯಲಾರದು ಎಂದು ಪ್ರತಿಪಾದಿಸಿದರು. 1976ರಲ್ಲಿ ಅವರ ತಂಡವು ಕೋಳಿಭ್ರೂಣದ ಪೊರೆಯ ಮೇಲೆ ಗಡ್ಡೆಯನ್ನು ನೆಟ್ಟಾಗ, ಹೊಸ ನಾಳಗಳು ಕಾಣಿಸಿಕೊಳ್ಳುವ ಮೊದಲೇ ಮಾಸ್ಟ್ ಕೋಶಗಳ ಸಂಖ್ಯೆ ಹೆಚ್ಚಿದುದನ್ನು ಗಮನಿಸಿತು.

ಕಾರ್ಯವಿಧಾನ

ಗಡ್ಡೆಯ ಕೋಶಗಳು ಸ್ರವಿಸುವ ಸ್ಟೆಮ್ ಸೆಲ್ ಫ್ಯಾಕ್ಟರ್ ಎಂಬ ಪ್ರೋಟೀನು ಮಾಸ್ಟ್ ಕೋಶದ ಮೇಲಿನ ಕಿಟ್ ಗ್ರಾಹಕಕ್ಕೆ ಅಂಟಿಕೊಂಡು ಆ ಕೋಶವನ್ನು ಆಕರ್ಷಿಸುತ್ತದೆ. ಪ್ರಚೋದನೆಗೊಂಡ ಕೋಶವು ತನ್ನ ಕಣಗಳಲ್ಲಿರುವ ಹಿಸ್ಟಮೀನ್, ಹೆಪಾರಿನ್, ಟ್ರಿಪ್ಟೇಸ್ ಮತ್ತು ಕೈಮೇಸ್‌ಗಳನ್ನು ಹೊರಸೂಸುತ್ತದೆ. ಟ್ರಿಪ್ಟೇಸ್ ಮತ್ತು ಕೈಮೇಸ್ ಕಿಣ್ವಗಳು ಸುತ್ತಲಿನ ಅಂಗಾಂಶದ ಜಾಲವನ್ನು ಸಡಿಲಗೊಳಿಸುವುದಕ್ಕೆ ಕಾರಣವಾಗುತ್ತವೆ. ಇದರಿಂದ ನಾಳಗಳು ಚಿಗುರುವುದಕ್ಕೂ ಕ್ಯಾನ್ಸರ್ ಕೋಶಗಳು ಮುನ್ನುಗ್ಗುವುದಕ್ಕೂ ದಾರಿಯಾಗುತ್ತದೆ. ವಿಇಜಿಎಫ್ ಮುಂತಾದ ಬೆಳವಣಿಗೆಯ ಅಂಶಗಳು ನಾಳದ ಒಳಪದರದ ಕೋಶಗಳ ವಿಭಜನೆಯನ್ನು ಚುರುಕುಗೊಳಿಸುತ್ತವೆ.

ಆದರೆ ಈ ಪಾತ್ರ ಎಲ್ಲೆಡೆ ಒಂದೇ ತೆರನಾಗಿಲ್ಲ. ಸ್ತನ ಕ್ಯಾನ್ಸರಿನ ಕೆಲವು ಅಧ್ಯಯನಗಳಲ್ಲಿ ಹೆಚ್ಚಿನ ಮಾಸ್ಟ್ ಕೋಶಗಳು ಉತ್ತಮ ಫಲಿತಾಂಶದೊಂದಿಗೆ ಕಂಡುಬಂದಿವೆ. ಕೋಶಗಳು ಗಡ್ಡೆಯ ಒಳಗಿವೆಯೋ ಅಂಚಿನಲ್ಲಿವೆಯೋ ಎಂಬುದೂ ಮುಖ್ಯವಾಗುತ್ತದೆ.

ಬಾಯಿಯ ಕ್ಯಾನ್ಸರ್ ಮತ್ತು ಕರ್ನಾಟಕ

ಎಲೆ, ಅಡಿಕೆ, ಸುಣ್ಣಗಳೊಂದಿಗೆ ಹೊಗೆಸೊಪ್ಪನ್ನು ಅಗಿದು ಕೆನ್ನೆಯಲ್ಲಿ ಇರಿಸಿಕೊಳ್ಳುವ ಅಭ್ಯಾಸದಿಂದ ಬಾಯಿಯ ಕ್ಯಾನ್ಸರ್ ಕರ್ನಾಟಕದಲ್ಲಿ ಗಂಭೀರ ಸಮಸ್ಯೆಯಾಗಿದೆ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1982ರಿಂದ ನಗರದ ಕ್ಯಾನ್ಸರ್ ನೋಂದಣಿಯನ್ನು ನಿರ್ವಹಿಸುತ್ತಿದೆ. ಬಾಯಿಯ ಗಡ್ಡೆಯಿಂದ ತೆಗೆದ ಅಂಗಾಂಶದ ತೆಳುವಾದ ಪದರಕ್ಕೆ ಟೊಲುಯಿಡಿನ್ ನೀಲಿಯನ್ನು ಹಚ್ಚಿದಾಗ ಮಾಸ್ಟ್ ಕೋಶದ ಕಣಗಳು ನೀಲಿಯ ಬದಲು ನೇರಳೆಗೆಂಪು ಬಣ್ಣದಲ್ಲಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಎಣಿಸಿ ರಕ್ತನಾಳಗಳ ಸಾಂದ್ರತೆಯೊಂದಿಗೆ ಹೋಲಿಸುವ ಅಧ್ಯಯನಗಳು ಭಾರತದ ದಂತವೈದ್ಯಕೀಯ ಕಾಲೇಜುಗಳಲ್ಲಿ ನಡೆದಿವೆ.

ಚಿಕಿತ್ಸೆಯ ಸಾಧ್ಯತೆಗಳು

ಕಣಗಳ ಬಿಡುಗಡೆಯನ್ನು ತಡೆಯುವ ಕ್ರೋಮೊಲಿನ್ ಔಷಧವು ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯಿದ್ದ ಇಲಿಗಳಲ್ಲಿ ಗಡ್ಡೆಗೆ ಆಮ್ಲಜನಕದ ಕೊರತೆಯನ್ನುಂಟುಮಾಡಿ ಅದರ ಕೋಶಗಳ ಸಾವಿಗೆ ಕಾರಣವಾಯಿತೆಂದು 2007ರಲ್ಲಿ ವರದಿಯಾಯಿತು. ಕಿಟ್ ಗ್ರಾಹಕವನ್ನು ತಡೆಯುವ ಇಮ್ಯಾಟಿನಿಬ್ ಜಠರ ಮತ್ತು ಕರುಳಿನ ಒಂದು ಬಗೆಯ ಗಡ್ಡೆಗೆ ಬಳಕೆಯಲ್ಲಿದೆ. ಆದರೆ ಅಲ್ಲಿ ಮುಖ್ಯ ಗುರಿ ಗಡ್ಡೆಯ ಕೋಶಗಳಲ್ಲಿಯೇ ಇರುವ ಕಿಟ್. ಮಾಸ್ಟ್ ಕೋಶಗಳನ್ನು ಗುರಿಯಾಗಿಸುವ ವಿಧಾನವು ಬಾಯಿಯ ಕ್ಯಾನ್ಸರಿಗೆ ರೂಢಿಯ ಚಿಕಿತ್ಸೆಯಾಗಿಲ್ಲ. ಹೊಗೆಸೊಪ್ಪು ಮತ್ತು ಅಡಿಕೆಯನ್ನು ತ್ಯಜಿಸುವುದು, ಬಾಯಿಯಲ್ಲಿನ ಬಿಳಿ ಅಥವಾ ಕೆಂಪು ಮಚ್ಚೆಗಳನ್ನೂ ಮಾಯದ ಹುಣ್ಣುಗಳನ್ನೂ ಬೇಗನೆ ಪರೀಕ್ಷಿಸಿಕೊಳ್ಳುವುದು ಇಂದಿಗೂ ಮುಖ್ಯ ರಕ್ಷಣೆಗಳಾಗಿವೆ.