ಸಮಚ್ಛೇದ ಭಿನ್ನರಾಶಿಗಳ ವ್ಯವಕಲನ

ರೂಪಾಯಿಯೊಂದಕ್ಕೆ ಹದಿನಾರು ಆಣೆಗಳಿದ್ದ ಕಾಲದಲ್ಲಿ, ಎಂದರೆ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬರುವುದಕ್ಕೆ ಮುಂಚೆ, ಹದಿಮೂರಾಣೆಯಲ್ಲಿ ಐದಾಣೆ ತೆತ್ತವನು, ಅವನಿಗೆ ಅಕ್ಷರವೇ ಬಾರದಿದ್ದರೂ, ಎಂಟಾಣೆ ಉಳಿಯಿತೆಂದು ಹೇಳಲು ತಡವರಿಸುತ್ತಿರಲಿಲ್ಲ. ಅದೇ ಲೆಕ್ಕವನ್ನು 13/16 − 5/16 ಎಂದು ಕರಿಹಲಗೆಯ ಮೇಲೆ ಬರೆದೊಡನೆ ಬಾಲಕನು ಕಂಗೆಡುವನು. ಮೇಲಿನದರಿಂದ ಮೇಲಿನದನ್ನೂ ಕೆಳಗಿನದರಿಂದ ಕೆಳಗಿನದನ್ನೂ ಕಳೆದು 8/0 ಎಂದು ಬರೆದಿಡುವುದೂ ಉಂಟು. ಶೂನ್ಯವು ಛೇದವಾಗಿ ನಿಂತ ರಾಶಿಗೆ ಅರ್ಥವೇ ಇಲ್ಲವಾದ್ದರಿಂದ, ಈ ಉತ್ತರವು ತನ್ನ ದೋಷವನ್ನು ತಾನೇ ಸಾರುತ್ತದೆ.

ಛೇದವು ಅಖಂಡ ವಸ್ತುವನ್ನು ಎಷ್ಟು ಸಮಭಾಗಗಳಾಗಿ ವಿಭಾಗಿಸಿದೆಯೆಂಬುದನ್ನು, ತನ್ಮೂಲಕ ಒಂದೊಂದು ಭಾಗದ ಪರಿಮಾಣವನ್ನು ಸೂಚಿಸಿದರೆ, ಅಂಶವು ಅಂತಹ ಭಾಗಗಳು ನಮ್ಮಲ್ಲಿ ಎಷ್ಟಿವೆಯೆಂಬುದನ್ನು ಹೇಳುತ್ತದೆ. ಐದಾಣೆ ಖರ್ಚಾದ ಮಾತ್ರಕ್ಕೆ ಉಳಿದ ಆಣೆಗಳ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದುದರಿಂದಲೇ ಛೇದವನ್ನು ಮುಟ್ಟದೆ ಅಂಶಗಳ ಅಂತರವನ್ನಷ್ಟೇ ತೆಗೆಯಬೇಕು. ಬಂದ 8/16ನ್ನು ಸಂಕ್ಷೇಪಿಸಿದರೆ ಅರ್ಧ ರೂಪಾಯಿ.

ಮೂರು ರೂಪಾಯಿ ಮೂರಾಣೆಯಲ್ಲಿ ಏಳಾಣೆ ಕೊಡಬೇಕಾದಾಗ ಮಾತ್ರ ತುಸು ನಿಧಾನಿಸಬೇಕು. ಮೂರರಲ್ಲಿ ಏಳು ಹೋಗದು; ಒಂದು ರೂಪಾಯಿಯನ್ನು ಚಿಲ್ಲರೆ ಮಾಡಿಸಿದರೆ ಎರಡು ರೂಪಾಯಿ ಹತ್ತೊಂಬತ್ತಾಣೆಯಾಗುತ್ತದೆ, ಅದರಲ್ಲಿ ಏಳಾಣೆ ಹೋಗಿ ಎರಡು ರೂಪಾಯಿ ಹನ್ನೆರಡಾಣೆ, ಅರ್ಥಾತ್ ಎರಡೂ ಮುಕ್ಕಾಲು ರೂಪಾಯಿ ಉಳಿಯುತ್ತದೆ. ಪೂರ್ಣಾಂಕಗಳ ವ್ಯವಕಲನದಲ್ಲಿ ಹತ್ತನ್ನೇ ಎರವಲು ತಂದು ರೂಢಿಯಾದ ಮಕ್ಕಳು ಇಲ್ಲಿಯೂ ಹತ್ತನ್ನೇ ತಂದು ತಪ್ಪುವರು. ಒಂದು ಪೂರ್ಣವನ್ನು ಒಡೆದಾಗ ದೊರೆಯುವ ಭಾಗಗಳ ಸಂಖ್ಯೆ ಛೇದದಷ್ಟೇ ಎಂಬುದನ್ನು ಅವರಿಗೆ ಮನಗಾಣಿಸಬೇಕು.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಭಿನ್ನರಾಶಿಗಳ ಛೇದಗಳು ಬೇರೆಬೇರೆಯಾಗಿದ್ದಾಗ ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂದು ಕರೆದು, ಅದನ್ನು ಸಾಧಿಸುವ ಕ್ರಮವನ್ನು ವಿವರಿಸಿದ್ದಾನೆ. ಭಾಸ್ಕರಾಚಾರ್ಯನ 'ಲೀಲಾವತಿ'ಯಾದರೂ (1150) ಛೇದಗಳನ್ನು ಮೊದಲು ಸಮಗೊಳಿಸಿ ಅನಂತರವೇ ಕೂಡು, ಕಳೆ ಎನ್ನುತ್ತದೆ. ಆ ಮಹನೀಯರ ಪರಿಶ್ರಮವೆಲ್ಲ ಕಠಿನವಾದ ಲೆಕ್ಕವನ್ನು ನಾವು ಮೇಲೆ ಕಂಡ ಈ ಸುಲಭ ಸ್ಥಿತಿಗೆ ತರುವುದಕ್ಕಾಗಿಯೇ ಆಗಿದ್ದಿತು. ಇದನ್ನು ಅರಿಯದ ಮಗುವಿಗೆ ಲ.ಸಾ.ಅ. ಕಲಿಸಹೊರಡುವುದು ವ್ಯರ್ಥವೆಂದೇ ನನ್ನ ಮತ.

ಮನೆಯಲ್ಲಿ ಪಾಠ ಹೇಳಿಕೊಡುವ ಹಿರಿಯರಲ್ಲಿ ಒಂದು ಬಿನ್ನಹ. ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕೆ ಮುನ್ನ, ಉದ್ದನೆಯ ಕಾಗದದ ಪಟ್ಟಿಯೊಂದನ್ನು ಅರ್ಧಕ್ಕೆ ಅರ್ಧವಾಗಿ ಮೂರು ಸಲ ಮಡಿಸಿ ಬಿಚ್ಚಿರಿ. ಎಂಟು ಸಮನಾದ ಮನೆಗಳಾಗುತ್ತವೆ. ಏಳಕ್ಕೆ ಬಣ್ಣ ಹಚ್ಚಿಸಿ, ಬಣ್ಣದ ಮನೆಗಳಲ್ಲಿ ನಾಲ್ಕನ್ನು ಕತ್ತರಿಸಿ ತೆಗೆಯಿಸಿ, ಉಳಿದ ಬಣ್ಣದ ಮನೆಗಳು ಇಡೀ ಪಟ್ಟಿಯ ಎಷ್ಟನೆಯ ಭಾಗವೆಂದು ಮಗುವನ್ನೇ ಕೇಳಿರಿ.